ತಾಳೆಮರ ಸಾಕಿದ ದ್ವೀಪ

ಅತಿಥಿ ಬಂದರೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿಯ ಪದ್ಧತಿ. ಎಲೆಯನ್ನೇ ಬಟ್ಟಲಿನಂತೆ ಮಡಿಸಿ, ಅದರೊಳಗೆ ಊಟವನ್ನು ಹೊಯ್ದು, "ಕುಡಿಯಿರಿ" ಎಂದು ಕೈಗೆ ಕೊಡುವ ಊರೊಂದನ್ನು ನಾನು ಕಂಡುದು ಕಳೆದ ಸೆಪ್ಟೆಂಬರ್ ತಿಂಗಳಲ್ಲಿ. ಬಟ್ಟಲು ತಾಳೆಗರಿಯದು. ಒಳಗಿದ್ದುದು ಕಂದುಬಣ್ಣದ ನೀರು. ಒಂದು ಗುಟುಕು ಕುಡಿದೆ. ಬೆಲ್ಲದ ಪಾನಕದಂತಿತ್ತು, ಹಿಂದೆಯೇ ಸ್ವಲ್ಪ ಹೊಗೆಯ ವಾಸನೆ. ದಣಿದು ಬಂದವನಿಗೆ ಮೊದಲು ಪಾನಕ, ಆಮೇಲೆ ಊಟ ಎಂದು ಭಾವಿಸಿ, ಬಟ್ಟಲನ್ನು ಬರಿದು ಮಾಡಿ ಕುಳಿತೆ. ಮನೆಯೊಡತಿ ಮತ್ತೊಮ್ಮೆ ತುಂಬಿದಳು. ಅದನ್ನೂ ಕುಡಿದೆ. ಅರ್ಧ ಗಂಟೆ ಕಳೆಯಿತು, ಅನ್ನದ ಸುಳಿವಿಲ್ಲ. ನನ್ನ ಜೊತೆಯಲ್ಲಿ ಬಂದಿದ್ದ ಶಾಲೆಯ ಉಪಾಧ್ಯಾಯನು ನನ್ನ ಮುಖವನ್ನು ನೋಡಿ ನಕ್ಕುಬಿಟ್ಟನು. "ಸ್ವಾಮಿ, ಊಟವಾಯಿತಲ್ಲ! ತಾವು ಕುಡಿದುದೇ ಊಟ. ನಮ್ಮ ಹಿರಿಯರು ವರ್ಷದಲ್ಲಿ ಎಷ್ಟೋ ತಿಂಗಳು ಇದನ್ನೇ ಉಂಡು ಬದುಕಿದವರು" ಎಂದನು.

ಆ ಊರಿರುವುದು ಇಂಡೊನೇಷ್ಯಾಕ್ಕೆ ಸೇರಿದ ರೋಟೆ ಎಂಬ ದ್ವೀಪದಲ್ಲಿ.

ಇಂಡೊನೇಷ್ಯಾ ಎಂದರೆ ನಮ್ಮವರ ಕಣ್ಣ ಮುಂದೆ ಜಾವಾದ ಬೊರೊಬುದೂರ್ ನಿಲ್ಲುತ್ತದೆ, ಇಲ್ಲವೆ ಬಾಲಿಯ ದೇವಾಲಯಗಳೂ ಹಸಿರು ಗದ್ದೆಗಳೂ ನಿಲ್ಲುತ್ತವೆ. ಆದರೆ ಬಾಲಿಯಿಂದ ಪೂರ್ವಕ್ಕೆ ಹೋದಷ್ಟೂ ಹಸಿರು ಕಡಿಮೆಯಾಗುತ್ತದೆ. ಸುಂಬಾವಾ, ಸುಂಬಾ, ಫ್ಲೋರೆಸ್, ತಿಮೋರ್ ಎಂದು ಸಾಲಾಗಿ ಬರುವ ದ್ವೀಪಗಳಲ್ಲಿ ಆಸ್ಟ್ರೇಲಿಯಾದ ಮರಳುಗಾಡಿನ ಕಡೆಯಿಂದ ಬೀಸುವ ಒಣಗಾಳಿಯದೇ ಆಳ್ವಿಕೆ. ಈ ಸಾಲಿನ ತೀರ ದಕ್ಷಿಣದಲ್ಲಿ, ತಿಮೋರಿನ ನೈಋತ್ಯಕ್ಕೆ, ಭೂಪಟದ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕದಾಗಿ ರೋಟೆ ಇದೆ. ವಿಸ್ತೀರ್ಣದಲ್ಲಿ ನಮ್ಮದೊಂದು ದೊಡ್ಡ ತಾಲ್ಲೂಕಿನಷ್ಟು, ಎಂದರೆ ಸುಮಾರು ೧,೨೦೦ ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಇಂಡೊನೇಷ್ಯಾದ ಜನವಸತಿ ಇಲ್ಲಿಗೆ ಮುಗಿಯಿತೆಂದೇ ಹೇಳಬಹುದು. ಇದರಾಚೆಗೆ ಎನ್‌ಡಾನಾ ಎಂಬ ಪುಟ್ಟ ದ್ವೀಪ, ಅದರ ಮೇಲೆ ಗಡಿ ಕಾಯುವ ಸೈನಿಕರ ಠಾಣೆ; ಅದರಾಚೆಗೆ ಬರಿಯ ಕಡಲು.

ತಿಮೋರಿನ ಕುಪಾಂಗ್ ಪಟ್ಟಣದಿಂದ ಹಡಗು ಹತ್ತಬೇಕು. ವೇಗದ ದೋಣಿಯಾದರೆ ಎರಡು ಗಂಟೆ. ಲಾರಿ, ಕೋಳಿ, ಅಕ್ಕಿಮೂಟೆಗಳೊಡನೆ ಸಾಗುವ ದೊಡ್ಡ ದೋಣಿಯಾದರೆ ನಾಲ್ಕು ಗಂಟೆ. ನಾನು ಹತ್ತಿದುದು ಎರಡನೆಯದನ್ನು. ನಡುವೆ ಪುಕುಆಫು ಎಂಬ ಜಲಸಂಧಿ. ಅಲ್ಲಿ ಸೆಳವುಗಳು ಒಂದಕ್ಕೊಂದು ಎದುರಾಗಿ ನೀರು ಕುದಿಯುವಂತೆ ಕಾಣುತ್ತದೆ. ಅದುವರೆಗೆ ಹರಟುತ್ತಿದ್ದ ಪಯಣಿಗರೆಲ್ಲರೂ ಅದು ಬಂದಾಗ ಮೌನವಾದರು. ದಾಟಿದ ಮೇಲೆ ಮತ್ತೆ ಹರಟತೊಡಗಿದರು.

ಮೂಗನಂತೆ ಇರಬೇಕಾದೀತೆಂದು ಹೆದರಿದ್ದ ನನಗೆ ಭಾಷೆಯೇ ಮೊದಲು ಧೈರ್ಯ ಕೊಟ್ಟಿತು. ಹಳ್ಳಿಗೆ ಅವರು 'ದೇಸಾ' ಎನ್ನುತ್ತಾರೆ, ಭಾಷೆಗೆ 'ಬಹಾಸಾ', ಉಪಾಧ್ಯಾಯನಿಗೆ 'ಗುರು'. ಹೆಂಡತಿ 'ಇಸ್ತ್ರಿ', ಗಂಡ 'ಸುಆಮಿ'. ಊರ ಮುಖ್ಯಸ್ಥನು 'ಕೆಪಾಲಾ ದೇಸಾ', ಎಂದರೆ ದೇಶದ ಕಪಾಲ, ಊರಿನ ತಲೆ! ಬೆಲ್ಲಕ್ಕೂ ಸಕ್ಕರೆಗೂ ಅವರ ಮಾತು 'ಗುಲಾ'. ನಮ್ಮ ಸಂಸ್ಕೃತದ 'ಗುಡ'ವೇ ಕಡಲು ದಾಟಿ ಹಾಗಾಗಿದೆ. ಒಂದೇ ಒಂದು ಮಾತು ಮಾತ್ರ ನನ್ನನ್ನು ಪೇಚಿಗೆ ಸಿಕ್ಕಿಸಿತು. ಮಕ್ಕಳು "ಮಾಮಾ, ಮಾಮಾ" ಎಂದು ಕೂಗಿದಾಗಲೆಲ್ಲ ಯಾವ ಸೋದರಮಾವ ಬಂದನೋ ಎಂದು ನಾನು ತಿರುಗಿ ನೋಡುತ್ತಿದ್ದೆ. ಆ ಕಡೆ ಮಾಮಾ ಎಂದರೆ ತಾಯಿ!

ಮರದ ಮೇಲಿನ ಹೊಲ

ನಾನು ನಾಲ್ಕು ದಿನ ತಂಗಿದ್ದುದು ದ್ವೀಪದ ಪಶ್ಚಿಮ ತೀರಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ. ಅರವತ್ತು ಎಪ್ಪತ್ತು ಮನೆಗಳು, ಒಂದು ಇಗರ್ಜಿ, ಒಂದು ಪ್ರಾಥಮಿಕ ಶಾಲೆ, ಎರಡು ಚಿಲ್ಲರೆ ಅಂಗಡಿ. ಮನೆಗಳಲ್ಲಿ ಕೆಲವಕ್ಕೆ ಗರಿಯ ಮಾಡು, ಹೆಚ್ಚಿನವಕ್ಕೆ ತಗಡಿನ ಮಾಡು. ಸುತ್ತಲೂ ಸುಣ್ಣಕಲ್ಲಿನ ದಿಣ್ಣೆಗಳು. ಹುಲ್ಲು ಸುಟ್ಟ ಬಣ್ಣಕ್ಕೆ ತಿರುಗಿತ್ತು. ಮಳೆ ಬರುವುದು ಡಿಸೆಂಬರಿನಿಂದ ಮಾರ್ಚಿಯವರೆಗೆ ಮಾತ್ರ. ಆಗ ಒಂದಿಷ್ಟು ಭತ್ತ, ಮೆಕ್ಕೆಜೋಳ, ಜೋಳ, ಹೆಸರು ಬೆಳೆದುಕೊಂಡರೆ ಉಂಟು. ಉಳಿದ ತಿಂಗಳುಗಳಲ್ಲಿ ನೆಲ ಬಾಯ್ಬಿಟ್ಟು ನಿಲ್ಲುತ್ತದೆ. ಆ ಬೆಂಗಾಡಿನಲ್ಲಿ ಸಾವಿರಾರು ತಾಳೆಮರಗಳು ಮಾತ್ರ ತಲೆಯೆತ್ತಿ, ಬೀಸಣಿಗೆಯಂಥ ಗರಿಗಳನ್ನು ಗಾಳಿಗೆ ಆಡಿಸುತ್ತ ನಿಂತಿದ್ದವು. ಈ ಮರಗಳನ್ನು ಯಾರೂ ನೆಟ್ಟವರಿಲ್ಲ, ನೀರೆರೆದವರಿಲ್ಲ. ಹಣ್ಣು ಬಿದ್ದಲ್ಲಿ ಮೊಳೆತು, ಬೆಂಕಿಗೂ ಬರಕ್ಕೂ ಜಗ್ಗದೆ ತಾವಾಗಿಯೇ ಬೆಳೆದು ನಿಂತವು.

ನಮ್ಮ ಬಯಲುಸೀಮೆಯವರಿಗೂ ಕರಾವಳಿಯವರಿಗೂ ಈ ಮರ ಹೊಸದಲ್ಲ. ಬೇಸಿಗೆಯಲ್ಲಿ ಬೀದಿಬದಿಯಲ್ಲಿ ಮಾರುವ ತಾಟಿನುಂಗು ಇದರ ಕಾಯಿಯೇ. ನಮ್ಮ ಹಿಂದಿನವರು ಬರೆದುದು ಓಲೆಯ ಮೇಲೆ. ನಮ್ಮ ಹೆಂಗಸರು ಕಿವಿಗೆ ಇಟ್ಟುಕೊಳ್ಳುವ ಓಲೆಗೂ ಅದೇ ಹೆಸರು. ಇಂಡೊನೇಷ್ಯಾದಲ್ಲಿ ಇದನ್ನು 'ಲೊಂತಾರ್' ಎನ್ನುತ್ತಾರೆ. ಜಾವಾ ಭಾಷೆಯಲ್ಲಿ 'ರೊನ್' ಎಂದರೆ ಎಲೆ, 'ತಾಲ್' ಎಂದರೆ ನಮ್ಮ ತಾಳವೇ. 'ರೊನ್ ತಾಲ್' ಎಂಬುದು ಬಾಯಿಂದ ಬಾಯಿಗೆ ತಿರುಗುಮುರುಗಾಗಿ ಲೊಂತಾರ್ ಆಯಿತು. ಆದರೆ ನಾವು ಈ ಮರವನ್ನು ಹೊಲದ ಬದುವಿನಲ್ಲಿ ಕಂಡವರು. ರೋಟೆಯ ಜನರಿಗೆ ಮರದ ತಲೆಯೇ ಹೊಲ.

ನನಗೆ ಆಶ್ರಯ ಕೊಟ್ಟ ಯಜಮಾನರಿಗೆ ಅರವತ್ತರ ಮೇಲೆ ವಯಸ್ಸು. ಎಲ್ಲರೂ ಅವರನ್ನು ಬಾಪಾ ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ. ಬೆಳಕು ಹರಿಯುವ ಮುನ್ನ ಅವರು ಎದ್ದು, ನಡುಪಟ್ಟಿಗೆ ಗರಿಯ ಬುಟ್ಟಿಗಳನ್ನೂ ಬಾಗಿದ ಕತ್ತಿಯನ್ನೂ ತೂಗುಹಾಕಿಕೊಂಡು ಹೊರಡುವರು. ಕಾಂಡದಲ್ಲಿ ಕಡಿದ ಕಚ್ಚುಗಳಲ್ಲಿ ಬೆರಳೂರಿ, ಮರವನ್ನು ತಬ್ಬಿ, ಇಪ್ಪತ್ತು ಇಪ್ಪತ್ತೈದು ಮೀಟರು ಎತ್ತರಕ್ಕೆ ಏರುವರು. ಮೇಲೆ ಹೋದ ಮೇಲೆ ಗರಿಗಳ ನಡುವೆ ಅವರು ಕಾಣುವುದಿಲ್ಲ. ಕತ್ತಿಯ ಸದ್ದು ಮಾತ್ರ ಕೇಳಿಸುತ್ತದೆ. ಮೊದಲು ಹಲವು ದಿನ ಹೂಗೊನೆಯನ್ನು ಮರದ ಇಕ್ಕುಳದಲ್ಲಿ ಹದವಾಗಿ ಹಿಸುಕಿ ಸಿದ್ಧಪಡಿಸಬೇಕು. ಆಮೇಲೆ ದಿನಕ್ಕೆ ಎರಡು ಸಲ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ, ಅದರ ತುದಿಯನ್ನು ಕಾಗದದಷ್ಟು ತೆಳುವಾಗಿ ಸವರಿ, ತೊಟ್ಟಿಕ್ಕುವ ರಸಕ್ಕೆ ಬುಟ್ಟಿ ಕಟ್ಟಬೇಕು. ಒಂದು ಹೊತ್ತು ತಪ್ಪಿದರೂ ಗಾಯ ಒಣಗಿ ರಸ ನಿಂತುಹೋಗುತ್ತದೆ. ಆದುದರಿಂದ ಹಂಗಾಮಿನಲ್ಲಿ ಮರ ಹತ್ತುವವನಿಗೆ ನೆಂಟರ ಮನೆಯಿಲ್ಲ, ಹಬ್ಬವಿಲ್ಲ, ಮೈಗೆ ಬಿಸಿಯೆಂದು ಮಲಗುವ ಹಾಗಿಲ್ಲ.

ಆ ರಸಕ್ಕೆ ಅವರ ಭಾಷೆಯಲ್ಲಿ 'ತುಆ' ಎಂದು ಹೆಸರು. ಇಂಡೊನೇಷ್ಯಾದ ಉಳಿದವರು 'ನಿರಾ' ಎನ್ನುತ್ತಾರೆ; ನಮ್ಮ ನೀರಾ ನೆನಪಿಗೆ ಬಂದೀತು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಅಪವಾದ ತಪ್ಪದು ಎಂಬ ನಾಡಿನಿಂದ ಹೋದ ನಾನು ಮೊದಲ ದಿನ ಸಂಕೋಚದಿಂದಲೇ ಬಟ್ಟಲು ಹಿಡಿದೆ. ಆದರೆ ಆಗತಾನೆ ಇಳಿಸಿದ ರಸದಲ್ಲಿ ಅಮಲಿಲ್ಲ. ಎಳನೀರಿಗಿಂತ ಸಿಹಿ, ಕಬ್ಬಿನ ಹಾಲಿಗಿಂತ ತೆಳು. ಬಿಟ್ಟರೆ ಹುಳಿತು 'ಲಾರು' ಎಂಬ ಹೆಂಡವಾಗುತ್ತದೆ. ಭಟ್ಟಿಯಿಳಿಸಿದರೆ 'ಸೋಪಿ' ಎಂಬ ಸಾರಾಯಿ. ಅವೂ ಅಲ್ಲಿ ಉಂಟು. ಆದರೆ ರಸದ ಮುಖ್ಯ ಗತಿ ಅದಲ್ಲ, ಒಲೆಯ ಕಡೆಗೆ.

ಒಲೆ ಹೆಂಗಸರ ರಾಜ್ಯ. ನೆಲದಲ್ಲಿ ತೋಡಿದ ಉದ್ದನೆಯ ಒಲೆಯ ಮೇಲೆ ಸಾಲಾಗಿ ಮಡಕೆಗಳು. ಉರಿಗೆ ಹಾಕುವುದೂ ತಾಳೆಯ ಒಣ ದಂಟನ್ನೇ. ಅಂದಂದಿನ ರಸವನ್ನು ಅಂದಂದೇ ಕಾಯಿಸಬೇಕು. ಗಂಟೆಗಟ್ಟಲೆ ಕುದಿದು ಕಂದು ಪಾಕವಾದಾಗ ಅದು 'ಗುಲಾ ಆಯಿರ್', ನೀರುಬೆಲ್ಲ. ಇದನ್ನು ಪಾತ್ರೆಗಳಲ್ಲಿ ತುಂಬಿಟ್ಟರೆ ತಿಂಗಳುಗಟ್ಟಲೆ ಕೆಡದು. ಬೇಕಾದಾಗ ನೀರು ಬೆರೆಸಿ ಕುಡಿದರೆ ಊಟ! ಇನ್ನೂ ಗಟ್ಟಿಗೆ ಕಾಯಿಸಿ, ಗರಿಯ ಉಂಗುರಗಳಲ್ಲಿ ಹೊಯ್ದರೆ ಬಿಲ್ಲೆಬೆಲ್ಲ, ಅದು ಸಂತೆಗೆ. ಮನೆಯ ಹಂದಿಗಳಿಗೂ ಮಿಕ್ಕ ರಸದಲ್ಲಿ ಪಾಲುಂಟು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಸೌಟು ತಿರುಗಿಸುತ್ತಿದ್ದ ಯಜಮಾನಿತಿಯನ್ನು ಕಂಡು ನನಗೆ ನಮ್ಮ ಆಲೆಮನೆಯ ನೆನಪಾಯಿತು. ಆದರೆ ಆಲೆಮನೆ ವರ್ಷದಲ್ಲಿ ಕೆಲವು ದಿನದ ಸಂಭ್ರಮ. ಇದು ಹಂಗಾಮು ಮುಗಿಯುವವರೆಗೆ ದಿನನಿತ್ಯದ ದುಡಿಮೆ.

ಮರ ಕೊಡುವುದು ರಸವನ್ನಷ್ಟೇ ಅಲ್ಲ. ನೀರು ಸೇದುವ 'ಹಾಯಿಕ್' ಎಂಬ ಬುಟ್ಟಿ ಗರಿಯದು, ಚಾಪೆ ಗರಿಯದು, ಹಿಂದೆ ದೋಣಿಯ ಹಾಯಿಯೂ ಗರಿಯದು. ಗಂಡಸರು ತೊಡುವ 'ತಿಇ ಲಂಗಾ' ಎಂಬ ಟೋಪಿಯೂ ಗರಿಯದೇ; ಅದರ ಮುಂಭಾಗದಲ್ಲಿ ಕೊಂಬಿನಂಥದೊಂದು ಎದ್ದು ನಿಂತಿರುತ್ತದೆ. 'ಸಾಸಾಂಡೊ' ಎಂಬ ವಾದ್ಯವಂತೂ ಗರಿಯಿಂದಲೇ ಹಾಡುತ್ತದೆ: ಬಿದಿರಿನ ಕೊಳವೆಯ ಸುತ್ತ ತಂತಿಗಳು, ಅದರ ಹಿಂದೆ ನಾದವನ್ನು ಹಿಡಿದುಕೊಡಲು ಅರೆತೆರೆದ ಕೊಡೆಯಂತೆ ಬಾಗಿಸಿದ ತಾಳೆಗರಿ. ಈ ವಾದ್ಯದ ಚಿತ್ರವನ್ನು ೧೯೯೨ರಲ್ಲಿ ಇಂಡೊನೇಷ್ಯಾ ತನ್ನ ಐದು ಸಾವಿರ ರೂಪಾಯ ನೋಟಿನ ಮೇಲೆ ಅಚ್ಚು ಹಾಕಿಸಿತ್ತು.

ಬರದಲ್ಲಿ ಕೈಹಿಡಿದದ್ದು

೧೯೬೫ರಲ್ಲಿ ಜೇಮ್ಸ್ ಫಾಕ್ಸ್ ಎಂಬ ಮಾನವಶಾಸ್ತ್ರಜ್ಞನು ಈ ದ್ವೀಪಕ್ಕೆ ಬಂದು ನೆಲೆಸಿ, ಜನಜೀವನವನ್ನು ಅಭ್ಯಾಸಮಾಡಿದನು. ೧೯೭೭ರಲ್ಲಿ 'ಹಾರ್ವೆಸ್ಟ್ ಆಫ್ ದಿ ಪಾಮ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಅವನು ಎತ್ತಿದ ಪ್ರಶ್ನೆ ಸ್ವಾರಸ್ಯವಾದುದು. ಅಕ್ಕಪಕ್ಕದ ತಿಮೋರ್ ಮತ್ತು ಸುಂಬಾ ದ್ವೀಪಗಳು ರೋಟೆಗಿಂತ ಹಲವು ಪಟ್ಟು ದೊಡ್ಡವು. ಅಲ್ಲಿನವರು ಕಾಡು ಕಡಿದು ಸುಟ್ಟು ಬೇಸಾಯ ಮಾಡುವವರು. ಕಾಡು ತೀರುತ್ತ, ನೆಲ ಸವೆಯುತ್ತ ಬಂದಂತೆ ಅವರ ಹಸಿವು ಹೆಚ್ಚಿತು. ಅತ್ತ ಬಂಜರಾಗಿ ಕಾಣುವ ರೋಟೆಯಲ್ಲಿಯೂ ಅದರ ಪಶ್ಚಿಮದ ಸಾವು ದ್ವೀಪದಲ್ಲಿಯೂ ಜನ ಹೆಚ್ಚು ಒತ್ತಾಗಿದ್ದರೂ ಬದುಕು ಭದ್ರವಾಗಿತ್ತು. ಕಾರಣವೇನು? ತಾಳೆಮರ. ಉಳಿದವರ ಕಣಜ ಬರಿದಾಗುವ ಒಣಗಾಲದಲ್ಲಿಯೇ ಇವರ ಮರಗಳು ರಸ ಸುರಿಸುತ್ತಿದ್ದವು.

ಹೊಟ್ಟೆಯ ಚಿಂತೆ ಅಷ್ಟರಮಟ್ಟಿಗೆ ಕಡಿಮೆಯಾದ ಜನ ಬೇರೆ ಕಡೆಗೆ ಮನಸ್ಸು ಹರಿಸಿದರು. ಆಗ ರೋಟೆಯಲ್ಲಿ ಸಣ್ಣಪುಟ್ಟ ಅರಸರ ಹದಿನೆಂಟು ರಾಜ್ಯಗಳಿದ್ದವು. ೧೭ನೆಯ ಶತಮಾನದಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪೆನಿ ಅವರೊಡನೆ ಒಪ್ಪಂದ ಮಾಡಿಕೊಂಡು, ಎದುರಿಸಿದವರನ್ನು ಬಲದಿಂದ ಬಗ್ಗಿಸಿತು. ೧೭೨೯ರಲ್ಲಿ ತಿಇ ಎಂಬ ರಾಜ್ಯದ ಅರಸನು ಕ್ರೈಸ್ತನಾದನು. ಅದರ ಬೆನ್ನಲ್ಲಿಯೇ, ಆ ಶತಮಾನದಲ್ಲಿಯೇ, ಮಲಯ ಭಾಷೆಯ ಶಾಲೆಗಳು ದ್ವೀಪದಲ್ಲಿ ಹುಟ್ಟಿಕೊಂಡವು. ಇಷ್ಟು ದೂರದ ಮೂಲೆಯಲ್ಲಿ ಇಷ್ಟು ಮುಂಚೆಯೇ ಓದುಬರಹ ಬೇರೂರಿದುದು ಅಪರೂಪದ ಸಂಗತಿ. ಫಲವಾಗಿ ಉಪಾಧ್ಯಾಯರು, ಪಾದ್ರಿಗಳು, ಗುಮಾಸ್ತರು ಇಲ್ಲಿಂದ ಹೊರಟು ತಿಮೋರನ್ನೆಲ್ಲ ತುಂಬಿದರು. ೧೯೧೨ರಲ್ಲಿ ಇಲ್ಲಿಯ ಕೆಕಾ ಎಂಬ ಹಳ್ಳಿಯಲ್ಲಿ ಹುಟ್ಟಿದ ಹರ್ಮನ್ ಯೋಹಾನೆಸ್ ಪ್ರಖ್ಯಾತ ಎಂಜಿನಿಯರಾಗಿ, ಸ್ವಾತಂತ್ರ್ಯ ಹೋರಾಟಕ್ಕೆ ಸಿಡಿಮದ್ದು ತಯಾರಿಸಿಕೊಟ್ಟು, ಮುಂದೆ ಯೋಗ್ಯಕರ್ತದ ಗಜಮದ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾದರು. ೨೦೦೯ರಲ್ಲಿ ಸರ್ಕಾರ ಅವರನ್ನು ರಾಷ್ಟ್ರವೀರರೆಂದು ಘೋಷಿಸಿತು.

"ಮರ ಹತ್ತಿದವನ ಮಗ ಶಾಲೆಗೆ ಹೋದ. ಶಾಲೆಗೆ ಹೋದವನ ಮಗ ಮರ ಹತ್ತಲಿಲ್ಲ" ಎಂದು ನನ್ನ ಉಪಾಧ್ಯಾಯ ಮಿತ್ರನು ದ್ವೀಪದ ಚರಿತ್ರೆಯನ್ನೆಲ್ಲ ಎರಡು ಮಾತಿನಲ್ಲಿ ಮುಗಿಸಿದನು. ಹೇಳಿ ಮುಗಿಸಿ ತನ್ನ ಅಂಗೈಗಳನ್ನು ನನಗೆ ತೋರಿಸಿದನು. ಅವು ನನ್ನವುಗಳಷ್ಟೇ ಮೆತ್ತಗಿದ್ದವು.

ಕಡಲಿನ ಬೇಸಾಯ

ಎರಡನೆಯ ದಿನ ಇಳಿತದ ಹೊತ್ತಿಗೆ ಕಡಲತಡಿಗೆ ಹೋದೆವು. ಮೊಣಕಾಲುದ್ದ ನೀರಿನಲ್ಲಿ ಗೂಟಗಳ ಸಾಲು, ಗೂಟದಿಂದ ಗೂಟಕ್ಕೆ ಹಗ್ಗ, ಹಗ್ಗದ ತುಂಬ ಕಡಲಪಾಚಿಯ ಗೊಂಚಲುಗಳು. ದಡದ ಚಪ್ಪರದ ಕೆಳಗೆ ಕುಳಿತ ಹೆಂಗಸರು, ನಮ್ಮವರು ಹೂವಿನ ದಂಡೆ ಕಟ್ಟುವಂತೆ, ಪಾಚಿಯ ಚೂರುಗಳನ್ನು ಹಗ್ಗಕ್ಕೆ ಕಟ್ಟುತ್ತಿದ್ದರು. ಕಟ್ಟಿದ ಹಗ್ಗವನ್ನು ಕಡಲಿಗೆ ಬಿಟ್ಟರೆ ನಲವತ್ತು ನಲವತ್ತೈದು ದಿನದಲ್ಲಿ ಬೆಳೆ ಕೈಗೆ. ಒಣಗಿಸಿ ಮಾರಿದರೆ ಅದರಿಂದ ತೆಗೆದ ಅಂಟು ಐಸ್‌ಕ್ರೀಮಿಗೂ ಹಲ್ಲುಜ್ಜುವ ಪೇಸ್ಟಿಗೂ ಹೋಗುತ್ತದೆ. ನಮ್ಮ ಮನೆಗಳಲ್ಲಿ ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ಇಂಥ ದ್ವೀಪಗಳ ನೆನಪು ಯಾರಿಗಾದೀತು?

ಈ ಬೇಸಾಯ ಇಲ್ಲಿ ಹಬ್ಬಿದುದು ಸುಮಾರು ೨೦೦೦ದಿಂದೀಚೆಗೆ. ಮರ ಹತ್ತುವ ಭಯವಿಲ್ಲ, ಮಳೆ ಕಾಯುವ ಕಷ್ಟವಿಲ್ಲ. ಕೈಗೆ ರೊಕ್ಕ ಬರುತ್ತದೆ. ಹೆಂಗಸರ ಕೈಗೂ ಬರುತ್ತದೆ. ತಗಡಿನ ಮಾಡುಗಳು ಎದ್ದುದು, ಮೋಟಾರ್ ಸೈಕಲ್ಲುಗಳು ಬಂದುದು, ಮಕ್ಕಳು ಕುಪಾಂಗಿನ ಕಾಲೇಜು ಸೇರಿದುದು ಈ ಪಾಚಿಯ ಹಣದಿಂದ ಎಂದು ಯಜಮಾನರು ಹೇಳಿದರು. ಅವರ ಹಿರಿಯ ಮಗನು ಓದಿ ಕುಪಾಂಗಿನ ಕಚೇರಿಯೊಂದರಲ್ಲಿ ಗುಮಾಸ್ತನಾದುದೂ ಹಾಗೆಯೇ.

ಅಷ್ಟರಲ್ಲಿ ೨೦೦೯ ಬಂದಿತು. ಆ ವರ್ಷ ಆಗಸ್ಟ್ ೨೧ರಂದು, ದ್ವೀಪದಿಂದ ಸುಮಾರು ೨೫೦ ಕಿಲೋಮೀಟರು ದೂರದಲ್ಲಿ, ಆಸ್ಟ್ರೇಲಿಯಾದ ಕಡಲಿನಲ್ಲಿದ್ದ ಮೊಂಟಾರಾ ಎಂಬ ಎಣ್ಣೆಬಾವಿ ಸಿಡಿಯಿತು. ಎಪ್ಪತ್ತಕ್ಕೂ ಹೆಚ್ಚು ದಿನ ಎಣ್ಣೆ ಕಡಲಿಗೆ ಸೋರಿತು. ರೋಟೆಯ ಜನಕ್ಕೆ ಬಾವಿಯ ಸುದ್ದಿ ಬರುವ ಮುನ್ನ ಎಣ್ಣೆಯೇ ಬಂದಿತು. "ನೀರಿನ ಮೇಲೆ ಹಳದಿ ಮುದ್ದೆಗಳು ತೇಲಿ ಬಂದವು. ಪಾಚಿ ಬೆಳ್ಳಗಾಗಿ, ಹಗ್ಗದಿಂದ ಕಳಚಿ ಬಿತ್ತು. ಮತ್ತೆ ಕಟ್ಟಿದೆವು, ಮತ್ತೆ ಬಿತ್ತು. ಎಷ್ಟೋ ವರ್ಷ ಹಾಗೆಯೇ" ಎಂದಳು ಹಗ್ಗ ಕಟ್ಟುತ್ತಿದ್ದ ನಡುವಯಸ್ಸಿನ ಹೆಂಗಸು. ಅವಳ ಮಗಳು ಆ ವರ್ಷವೇ ಕಾಲೇಜು ಬಿಟ್ಟು ಬಂದಳಂತೆ.

ಆದರೆ ಈ ಜನ ಸುಮ್ಮನೆ ಕೂಡಲಿಲ್ಲ. ೨೦೧೬ರಲ್ಲಿ ರೋಟೆಯ ಒಬ್ಬ ಪಾಚಿ ಬೆಳೆಗಾರನು ಮುಂದಾಳಾಗಿ, ರೋಟೆ ಮತ್ತು ಕುಪಾಂಗ್ ಕಡೆಯ ೧೫,೦೦೦ಕ್ಕೂ ಹೆಚ್ಚು ಬೆಳೆಗಾರರ ಪರವಾಗಿ, ಬಾವಿಯ ಒಡೆತನದ ಕಂಪೆನಿಯ ಮೇಲೆ ಆಸ್ಟ್ರೇಲಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದನು. ೨೦೨೧ರ ಮಾರ್ಚಿಯಲ್ಲಿ ನ್ಯಾಯಾಧೀಶರು ಅವನ ಪಕ್ಷವನ್ನು ಎತ್ತಿಹಿಡಿದರು. ೨೦೨೨ರ ನವೆಂಬರಿನಲ್ಲಿ ೧೯ ಕೋಟಿ ೨೫ ಲಕ್ಷ ಆಸ್ಟ್ರೇಲಿಯನ್ ಡಾಲರುಗಳಿಗೆ ರಾಜಿಯಾಯಿತು. ಕಡಲಂಚಿನ ಹಳ್ಳಿಯವರು ಪರದೇಶದ ಕಟಕಟೆಯಲ್ಲಿ ನಿಂತು ಗೆದ್ದುದು ಹೆಮ್ಮೆಯ ವಿಷಯವೇ ಸರಿ. ಆದರೆ ಎಣ್ಣೆ ಬಂದುದಕ್ಕೂ ರಾಜಿಯಾದುದಕ್ಕೂ ನಡುವೆ ಹದಿಮೂರು ವರ್ಷ ಕಳೆದಿತ್ತು. ಕಾಲೇಜು ಬಿಟ್ಟವಳಿಗೆ ಆ ವೇಳೆಗೆ ಮಕ್ಕಳಾಗಿದ್ದವು.

"ಆ ವರ್ಷಗಳಲ್ಲಿ ನೀವು ಬದುಕಿದುದು ಹೇಗೆ?" ಎಂದು ನಾನು ಕೇಳಿದೆ.

ಅವಳು ಬಾಯಿಬಿಟ್ಟು ಉತ್ತರ ಹೇಳಲಿಲ್ಲ. ಗದ್ದವನ್ನೆತ್ತಿ, ದಿಣ್ಣೆಯ ಮೇಲಿನ ತಾಳೆಮರಗಳ ಕಡೆಗೆ ತೋರಿದಳು.

ಹೊರಗಿನಿಂದ ಬಂದವರು, ಹೊರಗೆ ಹೋದವರು

ರೋಟೆಯ ಪೂರ್ವ ತುದಿಯಲ್ಲಿರುವ ಪೆಪೆಲಾ ಎಂಬ ಊರಿನ ಮೀನುಗಾರರ ಕಥೆ ಇನ್ನೊಂದು ಬಗೆ. ಅವರ ಹಿರಿಯರು ಹಾಯಿದೋಣಿಗಳಲ್ಲಿ ಸುಮಾರು ೧೪೦ ಕಿಲೋಮೀಟರು ದಕ್ಷಿಣಕ್ಕೆ ಸಾಗಿ, ಆ್ಯಶ್‌ಮೋರ್ ಎಂಬ ಹವಳದಿಬ್ಬದ ಸುತ್ತ ಕಡಲಸೌತೆಯನ್ನೂ ಚಿಪ್ಪನ್ನೂ ಹೆಕ್ಕಿ ತರುತ್ತಿದ್ದರು. ಹೋದಲ್ಲಿಯೇ ಸತ್ತವರ ಗೋರಿಗಳು ಇಂದಿಗೂ ಅಲ್ಲಿವೆ. ಆ ದಿಬ್ಬ ಈಗ ಆಸ್ಟ್ರೇಲಿಯಾಕ್ಕೆ ಸೇರಿದುದು. ೧೯೭೪ರಲ್ಲಿ ಎರಡು ಸರ್ಕಾರಗಳೂ ಮಾಡಿಕೊಂಡ ಒಪ್ಪಂದದಂತೆ, ಹಳೆಯ ಪದ್ಧತಿಯ ಹಾಯಿದೋಣಿಯಲ್ಲಿ ಹೋದವರಿಗೆ ಗೊತ್ತಾದ ಮೇರೆಯೊಳಗೆ ಮೀನು ಹಿಡಿಯಲು ಅವಕಾಶವುಂಟು. ಯಂತ್ರದ ದೋಣಿಗೆ ಇಲ್ಲ. ೧೯೮೩ರಲ್ಲಿ ಆ ದಿಬ್ಬ ರಕ್ಷಿತ ಪ್ರದೇಶವಾದ ಮೇಲೆ ಕಟ್ಟುಪಾಡು ಇನ್ನೂ ಬಿಗಿಯಾಯಿತು. ಮೇರೆ ದಾಟಿದವರ ದೋಣಿಗಳನ್ನು ಸುಟ್ಟುದೂ ಉಂಟು, ಜನರನ್ನು ಸೆರೆಮನೆಗೆ ಹಾಕಿದುದೂ ಉಂಟು. ಅಜ್ಜನ ಗೋರಿಯಿರುವ ಕಡೆಗೆ ಮೊಮ್ಮಗನು ಯಂತ್ರ ಕಟ್ಟಿಕೊಂಡು ಹೋದರೆ ಅಪರಾಧಿ!

ಪಶ್ಚಿಮ ತೀರದ ನೆಂಬ್ರಾಲಾ ಕಡೆಯಲ್ಲಿ ಇದಕ್ಕೆ ವಿರುದ್ಧ. ಅಲ್ಲಿಗೆ ಹೊರಗಿನವರೇ ಬರುತ್ತಾರೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಏಳುವ ದೊಡ್ಡ ಅಲೆಗಳ ಮೇಲೆ ಹಲಗೆಯೂರಿ ಜಾರುವುದಕ್ಕೆಂದು ಬಿಳಿಯರು ಸಾವಿರಾರು ಮೈಲಿ ದಾಟಿ ಬರುತ್ತಾರೆ. ಅವರಿಗಾಗಿ ವಸತಿಗೃಹಗಳು ಎದ್ದಿವೆ. ಕಡಲಂಚಿನ ನೆಲಕ್ಕೆ ಬೆಲೆ ಬಂದಿದೆ. ಹಿಂದೆ ಯಾರಿಗೂ ಬೇಡವಾಗಿದ್ದ ಮರಳನ್ನು ಮಾರಿ ಒಮ್ಮೆ ಹಣ ಕಂಡವರು, ಈಗ ಪಾಚಿ ಒಣಗಿಸಲು ಜಾಗ ಹುಡುಕಬೇಕಾಗಿದೆ ಎಂದು ನನ್ನ ಮಿತ್ರನು ಬೇಸರದಿಂದ ಹೇಳಿದನು. ಆದರೂ ಆ ವಸತಿಗೃಹಗಳಲ್ಲಿ ಹಲವು ಹುಡುಗರಿಗೆ ಉದ್ಯೋಗ ದೊರಕಿದೆಯೆಂಬುದನ್ನು ಅವನು ಮರೆಮಾಚಲಿಲ್ಲ.

ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ. ೨೦೦೨ರಲ್ಲಿ ರೋಟೆ ಬೇರೆಯ ಜಿಲ್ಲೆಯಾಯಿತು. ಬಾಆ ಎಂಬ ಪಟ್ಟಣ ಅದರ ಮುಖ್ಯಸ್ಥಳ. ೨೦೧೪ರ ಹಳ್ಳಿ ಕಾನೂನಿನಂತೆ ಮರುವರ್ಷದಿಂದ ಪ್ರತಿಯೊಂದು ದೇಸಾಕ್ಕೂ ನೇರವಾಗಿ ಹಣ ಬರುತ್ತಿದೆ. ನಾನಿದ್ದ ಹಳ್ಳಿಯ ಕಾಂಕ್ರೀಟು ರಸ್ತೆಯೂ ನೀರಿನ ತೊಟ್ಟಿಯೂ ಆ ಹಣದವು. ವಿದ್ಯುತ್ತು ಇದೆ, ಹುಡುಗರ ಕೈಯಲ್ಲಿ ಮೊಬೈಲೂ ಇದೆ. ಸಂಜೆ ಇಗರ್ಜಿಯ ಮೆಟ್ಟಿಲ ಮೇಲೆ, ಸಂಕೇತ ಚೆನ್ನಾಗಿ ಸಿಕ್ಕುವ ಜಾಗವೆಂದು, ಹತ್ತಾರು ಮಂದಿ ಹುಡುಗರು ತಲೆ ತಗ್ಗಿಸಿ ಕುಳಿತಿರುತ್ತಿದ್ದರು. ಅದೇ ಹೊತ್ತಿಗೆ ಅವರ ತಲೆಯ ಮೇಲೆ, ಮರದ ತುದಿಯಲ್ಲಿ, ಮುದುಕರ ಕತ್ತಿಯ ಸದ್ದು ಕೇಳಿಬರುತ್ತಿದ್ದಿತು.

ಮುಂದೇನು?

ಕೊನೆಯ ರಾತ್ರಿ ಒಲೆಯ ಪಕ್ಕದಲ್ಲಿ ಕುಳಿತು ಮಾತನಾಡಿದೆವು. ಯಜಮಾನರ ಪಾಲಿಗೆ ನಲವತ್ತಕ್ಕೂ ಹೆಚ್ಚು ಮರಗಳಿವೆ. ಹಿಂದೆ ಅವರೂ ಅವರ ತಮ್ಮನೂ ಸೇರಿ ಅಷ್ಟನ್ನೂ ಹತ್ತುತ್ತಿದ್ದರಂತೆ. ಈಗ ಅವರು ಹತ್ತುವುದು ಏಳೇ ಮರ. ತಮ್ಮನೆಲ್ಲಿ ಎಂದು ಕೇಳಿದೆ. ಒಂದು ಸಂಜೆ ಗಾಳಿಯಲ್ಲಿ ಕೈಜಾರಿ ಬಿದ್ದನು ಎಂದು ಹೇಳಿ ಅವರು ಒಲೆಗೆ ಒಂದು ದಂಟನ್ನು ತಳ್ಳಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

"ಹಾಗಾದರೆ ಮಗನನ್ನು ಕುಪಾಂಗಿಗೆ ಕಳಿಸಿದುದು ಒಳ್ಳೆಯದೇ ಆಯಿತು" ಎಂದೆ.

"ಒಳ್ಳೆಯದೇ ಆಯಿತು. ನನ್ನ ಮಗ ಮರ ಹತ್ತುವುದು ನನಗೆ ಬೇಡ" ಎಂದರು ಯಜಮಾನರು. "ಆದರೆ ಈ ಊರಿನಲ್ಲಿ ಮರ ಹತ್ತುವವನೇ ಇಲ್ಲದೆ ಹೋಗುವುದೂ ನನಗೆ ಬೇಡ. ಈ ಎರಡನ್ನೂ ಒಟ್ಟಿಗೆ ಬೇಡ ಎನ್ನುವುದು ಹೇಗೆ ಎಂದು ನನಗೆ ತಿಳಿಯದು. ಬಾಪಾ, ತಾವು ಓದಿದವರು, ದೇಶ ಸುತ್ತಿದವರು. ತಮ್ಮ ನಾಡಿನಲ್ಲಿಯೂ ಈ ಮರವುಂಟೆಂದಿರಿ. ಅಲ್ಲಿ ಯಾರು ಹತ್ತುತ್ತಾರೆ?"

ನನಗೆ ನಾಚಿಕೆಯಾಯಿತು. ಪ್ರತಿ ಬೇಸಿಗೆಯಲ್ಲಿಯೂ ಬೀದಿಬದಿಯಲ್ಲಿ ನಿಂತು, ಚೌಕಾಸಿ ಮಾಡಿ ತಾಟಿನುಂಗು ಕೊಂಡವನು ನಾನು. ಅದನ್ನು ಇಳಿಸಿದವರು ಯಾರು, ಎಷ್ಟು ಎತ್ತರಕ್ಕೆ ಏರಿದರು, ಅವರ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಎಂದು ಒಮ್ಮೆಯೂ ವಿಚಾರಿಸಿದವನಲ್ಲ. "ಹತ್ತುವವರು ನಮ್ಮಲ್ಲಿಯೂ ಕಡಿಮೆಯಾಗುತ್ತಿದ್ದಾರೆ" ಎಂದಷ್ಟೇ ಹೇಳಿದೆ.

ರೋಟೆಯ ಮುಂದಿನ ದಾರಿ ಯಾವುದು? ಮರಕ್ಕೇ ಅಂಟಿಕೊಂಡಿರಿ ಎಂದು ಉಪದೇಶಿಸುವುದು ನಮ್ಮಂಥ ಪಟ್ಟಣದವರಿಗೆ ಸುಲಭ. ಇಪ್ಪತ್ತೈದು ಮೀಟರು ಎತ್ತರದಿಂದ ಬೀಳುವವರು ನಾವಲ್ಲ, ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುವವರೂ ನಾವಲ್ಲ. ಆದರೆ ಪಾಚಿ, ಪ್ರವಾಸಿಗರು, ಪಟ್ಟಣದ ನೌಕರಿ ಎಂಬ ಹೊಸ ಆಸರೆಗಳ ಕೀಲಿಕೈ ದ್ವೀಪದವರ ಬಳಿ ಇಲ್ಲವೆಂಬುದೂ ನಿಜ. ಪಾಚಿಯ ಬೆಲೆ ಕಟ್ಟುವವರು ದೂರದ ವ್ಯಾಪಾರಿಗಳು. ಅದನ್ನು ಕೊಂದುದು ಯಾರದೋ ಎಣ್ಣೆಬಾವಿ. ೨೦೨೧ರ ಏಪ್ರಿಲಿನಲ್ಲಿ 'ಸೆರೋಜಾ' ಎಂಬ ಚಂಡಮಾರುತ ಈ ಸೀಮೆಯನ್ನೆಲ್ಲ ಬಡಿದು ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆದುಕೊಂಡಾಗ, ಕಡಲಿನಲ್ಲಿ ಕಟ್ಟಿದ ಹಗ್ಗಕ್ಕೆ ಏನು ಭರವಸೆ? ತಾಳೆ ಸಿರಿಯನ್ನು ಕೊಡದು. ಆದರೆ ಬೇರೆಲ್ಲ ಕೈಬಿಟ್ಟಾಗ ಉಪವಾಸ ಕೆಡವದು. ಅದೊಂದು ಹಳೆಯ ಕಾಲದ ವಿಮೆ. ಅದಕ್ಕೆ ಕಂತು ಕಟ್ಟಬೇಕಾದುದು ಮಾತ್ರ ಮೈಬೆವರಿನಲ್ಲಿ, ಕೆಲವೊಮ್ಮೆ ಪ್ರಾಣದಲ್ಲಿ.

ಕಂತನ್ನು ಹಗುರ ಮಾಡುವ ಬಗೆ ಇಲ್ಲದಿಲ್ಲ. ಪಾಕವನ್ನು ಇನ್ನೂ ಒಣಗಿಸಿ ಸಣ್ಣ ಹರಳಾಗಿ ಮಾಡಿದ ಸಕ್ಕರೆಗೆ ಅವರಲ್ಲಿ 'ಗುಲಾ ಸೆಮುತ್' ಎಂದು ಹೆಸರು. ಸೆಮುತ್ ಎಂದರೆ ಇರುವೆ. ಪಟ್ಟಣದ ಗಿರಾಕಿಗಳು ಅದಕ್ಕೆ ಬಿಲ್ಲೆಬೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತಾರೆ. ಹೊಗೆ ಕಡಿಮೆಯಾಗುವ ಒಲೆ, ಬಿದ್ದರೆ ಕಾಪಾಡುವ ನಡುಕಟ್ಟು, ಹತ್ತುವವನಿಗೆ ನೌಕರಿಯವನಷ್ಟೇ ಆದಾಯ, ಅವನ ಸಂಸಾರಕ್ಕೆ ವಿಮೆ, ಇವಿಷ್ಟು ದೊರೆತರೆ ಹತ್ತು ಮಂದಿಯಲ್ಲಿ ಇಬ್ಬರಾದರೂ ಹುಡುಗರು ಊರಿನಲ್ಲಿ ನಿಂತಾರು ಎಂಬುದು ಉಪಾಧ್ಯಾಯ ಮಿತ್ರನ ಎಣಿಕೆ. ಇಬ್ಬರು ಸಾಕೇ ಎಂದು ಕೇಳಿದೆ. "ವಿದ್ಯೆ ಮರೆತುಹೋಗದಿರಲು ಇಬ್ಬರು ಸಾಕು" ಎಂದನು.

ಮರುದಿನ ಮುಂಜಾನೆ ನಾನು ಹೊರಡಬೇಕಾಗಿತ್ತು. ಯಜಮಾನಿತಿ ತಾಳೆಗರಿಯಲ್ಲಿ ಹನ್ನೆರಡು ಬಿಲ್ಲೆ ಬೆಲ್ಲವನ್ನು ಸುತ್ತಿಕೊಟ್ಟಳು; ಬೆಲೆ ಎಂಬ ಮಾತನ್ನು ಎತ್ತಲೂ ಬಿಡಲಿಲ್ಲ. ಯಜಮಾನರಿಗೆ ಹೇಳಿಹೋಗೋಣವೆಂದರೆ ಅವರು ಆಗಲೇ ಮರವೇರಿದ್ದರು. ಮರದ 'ಹೊತ್ತು' ತಪ್ಪಿಸುವಂತಿರಲಿಲ್ಲವಲ್ಲ. ಬುಡದಲ್ಲಿ ಅವರ ಮೊಮ್ಮಗ, ಮಗಳ ಮಗ, ಎಂಟು ಒಂಬತ್ತು ವರ್ಷದವನು, ಸಮವಸ್ತ್ರ ಧರಿಸಿ ನಿಂತಿದ್ದನು. ಶಾಲೆಯ ಚೀಲವನ್ನು ಕಾಂಡಕ್ಕೆ ಒರಗಿಸಿ, ಮೇಲಿನಿಂದ ಹಗ್ಗದಲ್ಲಿ ಇಳಿದು ಬರುವ ಬುಟ್ಟಿಯನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡನು. ಒಂದು ಹನಿಯೂ ಚೆಲ್ಲಲಿಲ್ಲ. ನನ್ನನ್ನು ಕಂಡು, ತಲೆಯೆತ್ತಿ ಗಟ್ಟಿಯಾಗಿ ಕೂಗಿ ಅಜ್ಜನಿಗೆ ಸುದ್ದಿ ಕೊಟ್ಟನು. ಗರಿಗಳ ನಡುವಿನಿಂದ ಒಂದು ಕೈ ಹೊರಬಂದು ನನ್ನ ಕಡೆಗೆ ಆಡಿತು. ಹುಡುಗನು ಬುಟ್ಟಿಯನ್ನು ನೆಲಕ್ಕಿಟ್ಟು, ಚೀಲವನ್ನು ಹೆಗಲಿಗೇರಿಸಿ, ಶಾಲೆಯ ಕಡೆಗೆ ಓಡಿದನು.

ಆ ಬೆಲ್ಲ ನಮ್ಮ ಮನೆಯಲ್ಲಿ ಎರಡು ವಾರ ಬಂದಿತು. ಕೊನೆಯ ಬಿಲ್ಲೆಯನ್ನು ಪಾನಕ ಮಾಡಿ ಮಕ್ಕಳಿಗೆ ಕೊಟ್ಟಾಗ, ಇದು ಪಾನಕವಲ್ಲ, ಒಂದು ಊರಿನ ಊಟ ಎಂದು ಹೇಳಿದೆ. ಅವರು ನಂಬಲಿಲ್ಲ.